ಬಿರುಕು ಬೆಳೆಯುತ್ತಿದೆಯೇ? ಚುಕ್ಕೆ ಇಟ್ಟು ಕ್ಯಾಮೆರಾದಿಂದ ತಿಳಿಯಿರಿ

ಚಿಂತಾಮಣಿ ತಾಲ್ಲೂಕಿನ ಕೈವಾರದ ಸುತ್ತಮುತ್ತ ಬೇಸಾಯ ಮಾಡುವವರ ಬದುಕು ಕೆಲವು ವಸ್ತುಗಳ ಗಟ್ಟಿತನವನ್ನು ನಂಬಿಕೊಂಡಿದೆ. ರೇಷ್ಮೆ ಎಳೆ ಬಿಚ್ಚಾಣಿಕೆಯಲ್ಲಿ ಹರಿಯದೆ ಬಂದರೆ ಗೂಡಿಗೆ ಬೆಲೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ದ್ರಾಕ್ಷಿ ಚಪ್ಪರದ ತಂತಿ ಜಗ್ಗದೆ ನಿಂತರೆ ಬಳ್ಳಿಗೆ ಆಸರೆ. ಟೊಮೇಟೊ ಹಣ್ಣಿನ ಸಿಪ್ಪೆ ಬಿರಿಯದಿದ್ದರೆ ಮಾರುಕಟ್ಟೆಯಲ್ಲಿ ಬೆಲೆ. ಕೆರೆಯ ತೂಬು, ಕೋಡಿಯ ಕಲ್ಲುಕಟ್ಟಡ, ಏರಿಯ ಮಣ್ಣು ಇವು ಭದ್ರವಾಗಿದ್ದರೆ ಊರಿಗೆ ಊರೇ ನೆಮ್ಮದಿಯಾಗಿರುತ್ತದೆ.

ಇವುಗಳಲ್ಲಿ ಯಾವುದೂ ಸುಳಿವು ಕೊಡದೆ ಮುರಿಯುವುದಿಲ್ಲ. ಮುರಿಯುವ ಮೊದಲು ಪ್ರತಿಯೊಂದು ವಸ್ತುವೂ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ ಅಥವಾ ಸರಿಯುತ್ತದೆ. ಆದರೆ ಆ ಸುಳಿವು ಬಹಳ ಸಣ್ಣದು. ಬರಿಗಣ್ಣಿಗೆ ಬೀಳುವುದು ಅಪರೂಪ. ನಿನ್ನೆ ನೋಡಿದ ಬಿರುಕನ್ನು ಇಂದು ನೋಡಿದರೆ ಹಾಗೆಯೇ ಇದೆ ಎನ್ನಿಸುತ್ತದೆ. ಆರು ತಿಂಗಳ ಹಿಂದೆ ಅದು ಎಷ್ಟು ಅಗಲವಿತ್ತು ಎಂದು ಕೇಳಿದರೆ ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತು ಹೇಳುತ್ತಾರೆ. ಈ ಸಣ್ಣ ಬದಲಾವಣೆಯನ್ನು ಕ್ಯಾಮೆರಾದ ಸಹಾಯದಿಂದ ಅಳೆಯುವ ವಿಧಾನಗಳನ್ನು ವಿಜ್ಞಾನಿಗಳು ಬೆಳೆಸಿದ್ದಾರೆ. ವಿಮಾನದ ರೆಕ್ಕೆಯಿಂದ ಹಿಡಿದು ಹಣ್ಣಿನ ಸಿಪ್ಪೆಯವರೆಗೆ ಇವು ಬಳಕೆಯಲ್ಲಿವೆ. ಈ ವಿಧಾನಗಳ ತಿರುಳೇನು, ಅದರಲ್ಲಿ ರೈತರು ತಾವೇ ಮಾಡಿಕೊಳ್ಳಬಹುದಾದದ್ದು ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿಗ್ಗಿನ ಪ್ರಮಾಣ ಎಂದರೇನು?

ಒಂದು ಮೀಟರ್ ಉದ್ದದ ಹಗ್ಗವನ್ನು ಎಳೆದಾಗ ಅದು ೧ ಸೆಂ.ಮೀ. ಹಿಗ್ಗಿತು ಎನ್ನೋಣ. ಹತ್ತು ಮೀಟರ್ ಉದ್ದದ ಹಗ್ಗವೂ ೧ ಸೆಂ.ಮೀ. ಹಿಗ್ಗಿತು ಎನ್ನೋಣ. ಎರಡೂ ಒಂದೇ ಸೆಂಟಿಮೀಟರ್ ಆದರೂ ಮೊದಲನೆಯ ಹಗ್ಗಕ್ಕೆ ಆದ ಶ್ರಮ ಹತ್ತು ಪಟ್ಟು ಹೆಚ್ಚು. ಆದ್ದರಿಂದ ಹಿಗ್ಗಿದ ಉದ್ದವನ್ನು ಮೂಲ ಉದ್ದದಿಂದ ಭಾಗಿಸಿ ನೋಡಬೇಕು. ಮೊದಲನೆಯದು ನೂರಕ್ಕೆ ೧. ಎರಡನೆಯದು ಸಾವಿರಕ್ಕೆ ೧. ಇದನ್ನೇ ಇಂಜಿನಿಯರುಗಳು ‘ಸ್ಟ್ರೇನ್’ ಎನ್ನುತ್ತಾರೆ. ಇಲ್ಲಿ ಇದನ್ನು ಹಿಗ್ಗಿನ ಪ್ರಮಾಣ ಎಂದು ಕರೆಯೋಣ.

ಪ್ರತಿಯೊಂದು ವಸ್ತುವಿಗೂ ತಾಳಿಕೊಳ್ಳುವ ಮಿತಿಯೊಂದಿದೆ. ಹಿಪ್ಪುನೇರಳೆ ರೇಷ್ಮೆಯ ಕಚ್ಚಾ ನೂಲು ಹರಿಯುವ ಮೊದಲು ನೂರಕ್ಕೆ ಸುಮಾರು ೨೦ರಷ್ಟು ಹಿಗ್ಗಬಲ್ಲದು. ಎಂದರೆ ಮೀಟರಿಗೆ ೨೦ ಸೆಂ.ಮೀ. ಉಕ್ಕಿನ ಸಾದಾ ತಂತಿ ಮೀಟರಿಗೆ ಒಂದರಿಂದ ಒಂದೂವರೆ ಮಿ.ಮೀ. ಹಿಗ್ಗುವಷ್ಟರಲ್ಲಿ, ಬಿಟ್ಟರೂ ಮೊದಲಿನ ಉದ್ದಕ್ಕೆ ಮರಳದಂತೆ ಜಗ್ಗಿಹೋಗುತ್ತದೆ. ನಮ್ಮ ಕಡೆಯ ಬೆಟ್ಟಗಳಲ್ಲಿ ಸಿಗುವ ಗ್ರಾನೈಟ್ ಕಲ್ಲಂತೂ ಎಳೆತಕ್ಕೆ ಬಹಳ ಬಿರುಸು. ಮೀಟರಿಗೆ ಸುಮಾರು ೦.೨ ಮಿ.ಮೀ. ಹಿಗ್ಗಿದರೆ ಸಾಕು, ಸೀಳಿಬಿಡುತ್ತದೆ. ಎರಡು ಕಂಬಗಳ ಮೇಲೆ ಹಾಸಿದ ಕಲ್ಲುಚಪ್ಪಡಿ ಭಾರ ಹೆಚ್ಚಾದಾಗ ಅಡಿಭಾಗದಲ್ಲಿ ಮೊದಲು ಸೀಳುವುದು ಇದೇ ಕಾರಣದಿಂದ. ಬಾಗಿದಾಗ ಚಪ್ಪಡಿಯ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಒತ್ತಡವನ್ನು ಕಲ್ಲು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು.

ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು ಮುಖ್ಯ

ಇಷ್ಟು ತಿಳಿದ ಮೇಲೆ ವಸ್ತುವಿನ ಎರಡು ತುದಿಗಳ ನಡುವೆ ಅಳತೆಪಟ್ಟಿ ಹಿಡಿದರೆ ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಸಾಲದು. ಏಕೆಂಬುದಕ್ಕೆ ರೇಷ್ಮೆ ನೂಲಿನ ಒಂದು ಲೆಕ್ಕವನ್ನೇ ನೋಡೋಣ.

೧೦ ಸೆಂ.ಮೀ. ನೂಲಿನ ಮೇಲೆ ಪ್ರತಿ ಸೆಂಟಿಮೀಟರಿಗೆ ಒಂದರಂತೆ ಶಾಯಿಯ ಗುರುತು ಹಾಕಿದ್ದೇವೆ ಎಂದಿಟ್ಟುಕೊಳ್ಳಿ. ಹತ್ತು ತುಂಡುಗಳಾದವು. ನೂಲನ್ನು ೧೧.೫ ಸೆಂ.ಮೀ. ಆಗುವವರೆಗೆ ನಿಧಾನವಾಗಿ ಎಳೆಯಲಾಯಿತು. ಒಟ್ಟು ಹಿಗ್ಗು ನೂರಕ್ಕೆ ೧೫. ಮಿತಿ ೨೦ ಆದ್ದರಿಂದ ಭಯವಿಲ್ಲ ಎನ್ನಿಸುತ್ತದೆ. ಆದರೆ ಒಂದೊಂದು ತುಂಡನ್ನೂ ಬೇರೆಯಾಗಿ ಅಳೆದಾಗ ಒಂಬತ್ತು ತುಂಡುಗಳು ತಲಾ ೧೧.೪ ಮಿ.ಮೀ. ಆಗಿ, ಒಂದು ತುಂಡು ಮಾತ್ರ ೧೨.೪ ಮಿ.ಮೀ. ಆಗಿರಬಹುದು. ಆ ಒಂದು ತುಂಡಿನಲ್ಲಿ ಹಿಗ್ಗು ನೂರಕ್ಕೆ ೨೪. ನೂಲು ಹರಿಯುವುದು ಅಲ್ಲಿಯೇ. ಸರಾಸರಿ ಲೆಕ್ಕ ನಮ್ಮನ್ನು ದಾರಿ ತಪ್ಪಿಸಿತು.

ಆ ತುಂಡು ಹೆಚ್ಚು ಹಿಗ್ಗಿದ್ದೇಕೆ? ನೂಲಿನ ಉದ್ದಕ್ಕೂ ಎಳೆತ ಒಂದೇ. ಆದರೆ ನೂಲು ಎಲ್ಲಿ ತೆಳ್ಳಗಿದೆಯೋ ಅಲ್ಲಿ ಅದೇ ಎಳೆತ ಕಡಿಮೆ ಎಳೆಗಳ ಪಾಲಿಗೆ ಬರುತ್ತದೆ. ಎಂಟು ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ತೆಗೆಯುವಾಗ ಒಂದು ಗೂಡಿನ ಎಳೆ ಹರಿದು, ಹೊಸ ಎಳೆ ಸೇರಿಸುವುದು ತಡವಾದರೆ ಅಷ್ಟು ದೂರ ನೂಲು ಎಂಟರಲ್ಲಿ ಒಂದು ಪಾಲು ತೆಳ್ಳಗಾಗುತ್ತದೆ. ಇದು ಶಿಡ್ಲಘಟ್ಟದ ಬಿಚ್ಚಾಣಿಕೆದಾರರಿಗೆ ಅನುಭವದಿಂದ ಗೊತ್ತಿರುವ ಮಾತೇ. ರೇಷ್ಮೆ ಪರೀಕ್ಷಾಲಯಗಳಲ್ಲಿರುವ ಸೆರಿಗ್ರಾಫ್ ಯಂತ್ರ ನೂಲಿನ ಬಲವನ್ನೂ ಒಟ್ಟು ಹಿಗ್ಗನ್ನೂ ತೋರಿಸುತ್ತದೆ. ಯಾವ ಜಾಗದಲ್ಲಿ ಹೆಚ್ಚು ಹಿಗ್ಗಿತು ಎಂಬುದನ್ನು ತಿಳಿಯಲು ಮಾತ್ರ ನೂಲಿನ ಮೈಮೇಲೆಯೇ ಗುರುತುಗಳು ಬೇಕು, ಆ ಗುರುತುಗಳನ್ನೆಲ್ಲ ಒಟ್ಟಿಗೆ ನೋಡುವ ಕಣ್ಣು ಬೇಕು. ಆ ಕಣ್ಣೇ ಕ್ಯಾಮೆರಾ.

ಚುಕ್ಕೆ ಇಡುವುದು ಹಳೆಯ ಉಪಾಯ

ಮೈಮೇಲೆ ಚುಕ್ಕೆ ಇಟ್ಟು ಅವು ದೂರವಾಗುವುದನ್ನು ಅಳೆಯುವ ಉಪಾಯ ಬೆಳೆಯುವ ಗಿಡಗಳ ಮೇಲೆ ಬಹಳ ಹಿಂದೆಯೇ ಬಳಕೆಯಾಗಿತ್ತು ಎಂಬುದು ಕೃಷಿಕರಿಗೆ ಹೆಮ್ಮೆಯ ಸಂಗತಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬಾತ ದ್ರಾಕ್ಷಿಯ ಎಳೆಯ ಚಿಗುರಿನ ಮೇಲೆ ಕಾಲು ಅಂಗುಲಕ್ಕೊಂದರಂತೆ ಕೆಂಪು ಬಣ್ಣದ ಚುಕ್ಕೆಗಳನ್ನು ಸೂಜಿಮೊನೆಯಿಂದ ಇಟ್ಟ. ಚಿಗುರು ಬಲಿತ ಮೇಲೆ ಚುಕ್ಕೆಗಳ ಅಂತರವನ್ನು ಅಳೆದು, ಚಿಗುರಿನ ಯಾವ ಭಾಗ ಹೆಚ್ಚು ಉದ್ದವಾಯಿತು, ಯಾವುದು ಉದ್ದವಾಗಲಿಲ್ಲ ಎಂಬುದನ್ನು ಕಂಡುಕೊಂಡ. ಇದನ್ನು ಆತ ೧೭೨೭ರಲ್ಲಿ ಪ್ರಕಟಿಸಿದ. ಮುಂದೆ ೧೯ನೆಯ ಶತಮಾನದಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಜೂಲಿಯಸ್ ಸಾಕ್ಸ್ ಮೊಳಕೆಯ ಬೇರಿನ ಮೇಲೆ ಶಾಯಿಯ ಗೆರೆಗಳನ್ನೆಳೆದು, ಬೇರು ತನ್ನ ತುದಿಯ ಹಿಂದಿನ ಸ್ವಲ್ಪ ಭಾಗದಲ್ಲಿ ಮಾತ್ರ ಉದ್ದವಾಗುತ್ತದೆ ಎಂಬುದನ್ನು ತೋರಿಸಿದ.

ಇದೇ ಪ್ರಯೋಗವನ್ನು ರಾಗಿ ಅಥವಾ ಮುಸುಕಿನ ಜೋಳದ ಎಳೆಯ ಎಲೆಯ ಮೇಲೆ ಮಕ್ಕಳು ಮಾಡಬಹುದು. ಎಲೆಯ ಹೊರಗೆ ಕಾಣುವ ಭಾಗದ ಉದ್ದಕ್ಕೂ ಚುಕ್ಕೆ ಇಟ್ಟು ನಾಲ್ಕು ದಿನ ಬಿಟ್ಟು ನೋಡಿದರೆ ಚುಕ್ಕೆಗಳ ನಡುವಿನ ಅಂತರ ಹೆಚ್ಚು ಬದಲಾಗಿರುವುದಿಲ್ಲ; ಇಡೀ ಎಲೆಯೇ ಮೇಲಕ್ಕೆ ಬಂದಿರುತ್ತದೆ. ಹುಲ್ಲಿನ ಜಾತಿಯ ಗಿಡಗಳ ಎಲೆ ಬೆಳೆಯುವುದು ಬುಡದಲ್ಲಿ. ದನ ಮೇಯ್ದ ಮೇಲೂ ಹುಲ್ಲು ಮತ್ತೆ ಮೇಲೇಳುವುದು ಇದರಿಂದಲೇ.

ಟೊಮೇಟೊ ಹಣ್ಣಿನ ಮೇಲೂ ಹೀಗೆಯೇ ನೋಡಬಹುದು. ಮಣ್ಣು ಬಹಳ ಒಣಗಿದ ಮೇಲೆ ಒಮ್ಮೆಲೇ ಹೆಚ್ಚು ನೀರು ಸಿಕ್ಕಿದರೆ ಹಣ್ಣಿನ ಒಳಭಾಗ ಬೇಗ ಊದಿಕೊಳ್ಳುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗಲಾರದು. ೬೦ ಮಿ.ಮೀ. ಅಡ್ಡಳತೆಯ ಹಣ್ಣು ೬೧.೨ ಮಿ.ಮೀ. ಆದರೆ ನಡುವಿನ ಸಿಪ್ಪೆ ನೂರಕ್ಕೆ ೨ ಹಿಗ್ಗಬೇಕಾಗುತ್ತದೆ. ಕಣ್ಣಿಗೆ ಹಣ್ಣು ಮೊದಲಿನಂತೆಯೇ ಕಾಣುತ್ತದೆ. ಬಿರುಕು ಸಾಮಾನ್ಯವಾಗಿ ಮೊದಲು ಕಾಣಿಸುವುದು ತೊಟ್ಟಿನ ಸುತ್ತಲಿನ ಹೆಗಲ ಭಾಗದಲ್ಲಿ. ತೊಟ್ಟಿನ ಸುತ್ತ ಮತ್ತು ಹಣ್ಣಿನ ನಡುವೆ ಶಾಯಿ ಚುಕ್ಕೆಗಳನ್ನಿಟ್ಟು ನೀರು ಕೊಡುವ ಮೊದಲು ಮತ್ತು ಕೊಟ್ಟ ಮರುದಿನ ಫೋಟೊ ತೆಗೆದು ಹೋಲಿಸಿದರೆ, ನೀರನ್ನು ಒಮ್ಮೆಲೇ ಕೊಡದೆ ಹದವಾಗಿ ಕೊಡಬೇಕೆಂಬ ಮಾತಿನ ಅರ್ಥ ಕಣ್ಣಾರೆ ತಿಳಿಯುತ್ತದೆ.

ಕ್ಯಾಮೆರಾ ಹೇಗೆ ಅಳೆಯುತ್ತದೆ?

ಹತ್ತು ಚುಕ್ಕೆಗಳನ್ನು ಕೈಯಿಂದ ಅಳೆಯಬಹುದು. ಹತ್ತು ಸಾವಿರ ಚುಕ್ಕೆಗಳಿದ್ದರೆ? ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ವಿಧಾನವನ್ನು ಅಮೆರಿಕದ ದಕ್ಷಿಣ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಪೀಟರ್ಸ್ ಮತ್ತು ರ‍್ಯಾನ್ಸನ್ ಎಂಬುವರು ೧೯೮೨ರಲ್ಲಿ ಪ್ರಕಟಿಸಿದರು. ಇದಕ್ಕೆ ‘ಡಿಜಿಟಲ್ ಇಮೇಜ್ ಕೋರಿಲೇಷನ್’ ಎಂದು ಹೆಸರು. ಎರಡು ಚಿತ್ರಗಳನ್ನು ತಾಳೆ ನೋಡುವ ವಿಧಾನ ಎನ್ನಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳಲ್ಲಿಯೂ ಈ ವಿಧಾನ ಬಳಕೆಯಲ್ಲಿದೆ.

ಮೊದಲು ವಸ್ತುವಿನ ಮೇಲೆ ತೆಳುವಾಗಿ ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಬಣ್ಣವನ್ನು ಹನಿಹನಿಯಾಗಿ ಸಿಂಪಡಿಸುತ್ತಾರೆ. ಚುಕ್ಕೆಗಳು ಸಾಲಾಗಿ ಒಂದೇ ಸಮನಾಗಿ ಇರಬಾರದು, ಚೆಲ್ಲಾಪಿಲ್ಲಿಯಾಗಿರಬೇಕು. ಕಾರಣವಿಷ್ಟೆ: ಹಿಂಡಿನಲ್ಲಿ ನಿಮ್ಮ ಸೀಮೆಹಸುವನ್ನು ನೀವು ಗುರುತಿಸುವುದು ಅದರ ಮೈಮೇಲಿನ ಮಚ್ಚೆಗಳಿಂದ. ಎಲ್ಲ ಹಸುಗಳ ಮೈಮೇಲೂ ಒಂದೇ ರೀತಿಯ ಪಟ್ಟೆಗಳಿದ್ದರೆ ಗುರುತು ಸಿಗುತ್ತಿರಲಿಲ್ಲ. ಹಾಗೆಯೇ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದಾಗ ಮಾತ್ರ ಮೇಲ್ಮೈಯ ಒಂದೊಂದು ತುಣುಕಿಗೂ ತನ್ನದೇ ಆದ ಮುಖ ಬರುತ್ತದೆ.

ಬಳಿಕ ಭಾರ ಹಾಕುವ ಮೊದಲು ಒಂದು ಫೋಟೊ, ಹಾಕಿದ ಮೇಲೆ ಒಂದು ಫೋಟೊ ತೆಗೆಯುತ್ತಾರೆ. ಫೋಟೊ ಎಂಬುದು ಸಣ್ಣ ಸಣ್ಣ ಚೌಕಗಳ ಸಮೂಹ. ಒಂದೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು. ಪ್ರತಿ ಪಿಕ್ಸೆಲ್ ಎಷ್ಟು ಕಪ್ಪು, ಎಷ್ಟು ಬಿಳುಪು ಎಂಬುದನ್ನು ಸಾಮಾನ್ಯವಾಗಿ ೦ಯಿಂದ ೨೫೫ರವರೆಗಿನ ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಕಂಪ್ಯೂಟರ್ ಮೊದಲನೆಯ ಫೋಟೊದಿಂದ ಉದ್ದಗಲ ೨೧ ಪಿಕ್ಸೆಲ್ ಇರುವ, ಎಂದರೆ ೪೪೧ ಪಿಕ್ಸೆಲ್‌ಗಳ, ಒಂದು ತುಣುಕನ್ನು ಆರಿಸಿಕೊಳ್ಳುತ್ತದೆ. ಅದೇ ೪೪೧ ಸಂಖ್ಯೆಗಳಿಗೆ ಅತಿ ಹೆಚ್ಚು ಹೋಲುವ ಜಾಗ ಎರಡನೆಯ ಫೋಟೊದಲ್ಲಿ ಎಲ್ಲಿದೆ ಎಂದು ಹುಡುಕುತ್ತದೆ. ಸಿಕ್ಕ ಜಾಗಕ್ಕೂ ಮೊದಲಿನ ಜಾಗಕ್ಕೂ ಇರುವ ಅಂತರವೇ ಆ ತುಣುಕು ಸರಿದ ದೂರ. ಹೀಗೆ ಸಾವಿರಾರು ತುಣುಕುಗಳನ್ನು ಹುಡುಕಿ, ಪಕ್ಕಪಕ್ಕದ ತುಣುಕುಗಳು ಒಂದಕ್ಕಿಂತ ಒಂದು ಎಷ್ಟು ಹೆಚ್ಚು ಸರಿದವು ಎಂದು ಲೆಕ್ಕ ಹಾಕುತ್ತದೆ. ಎಲ್ಲ ತುಣುಕುಗಳೂ ಒಂದೇ ಸಮ ಸರಿದಿದ್ದರೆ ವಸ್ತು ಬರೀ ಜಾಗ ಬದಲಿಸಿದೆ, ಅದಕ್ಕೆ ಶ್ರಮವಾಗಿಲ್ಲ. ಪಕ್ಕದ ತುಣುಕುಗಳ ನಡುವೆ ವ್ಯತ್ಯಾಸವಿದ್ದರೆ ಅಲ್ಲಿ ವಸ್ತು ಹಿಗ್ಗಿದೆ ಅಥವಾ ಕುಗ್ಗಿದೆ. ಕೊನೆಗೆ ಹೆಚ್ಚು ಹಿಗ್ಗಿದ ಜಾಗವನ್ನು ಕೆಂಪಾಗಿ, ಕಡಿಮೆ ಹಿಗ್ಗಿದ ಜಾಗವನ್ನು ನೀಲಿಯಾಗಿ ತೋರಿಸುವ ನಕ್ಷೆ ಸಿದ್ಧವಾಗುತ್ತದೆ. ಬಿರುಕು ಬೀಳುವ ಮೊದಲೇ ಬೀಳಲಿರುವ ಜಾಗ ಅದರಲ್ಲಿ ಕೆಂಪಾಗಿ ಕಾಣುವುದುಂಟು.

ಇದರ ಸೂಕ್ಷ್ಮತೆ ಎಷ್ಟು? ೪೦೦೦ ಪಿಕ್ಸೆಲ್ ಅಗಲದ ಫೋಟೊದಲ್ಲಿ ೨೦೦ ಮಿ.ಮೀ. ಅಗಲದ ವಸ್ತುವನ್ನು ತುಂಬಿಸಿದರೆ ಒಂದು ಮಿ.ಮೀ.ಗೆ ೨೦ ಪಿಕ್ಸೆಲ್. ಎಂದರೆ ಒಂದು ಪಿಕ್ಸೆಲ್ ೦.೦೫ ಮಿ.ಮೀ. ಒಳ್ಳೆಯ ಬೆಳಕು, ಒಳ್ಳೆಯ ಚುಕ್ಕೆಗಳಿದ್ದರೆ ತಾಳೆ ನೋಡುವ ಲೆಕ್ಕ ಒಂದು ಪಿಕ್ಸೆಲ್‌ನ ಐವತ್ತನೆಯ ಒಂದು ಭಾಗದವರೆಗೂ ಹೋಗುತ್ತದೆ. ಆಗ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಸರಿದರೂ ಗೊತ್ತಾಗುತ್ತದೆ.

ಮಣ್ಣಿಗೆ ಬಣ್ಣ ಬೇಕಿಲ್ಲ

ಮಣ್ಣಿನ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಮರಳಿನ ಕಾಳುಗಳು ತಾವೇ ಬಗೆಬಗೆಯ ಬಣ್ಣದವು, ಅವೇ ಚುಕ್ಕೆಗಳು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವೈಟ್, ಟೇಕ್ ಮತ್ತು ಬೋಲ್ಟನ್ ಎಂಬ ಸಂಶೋಧಕರು ಪಾರದರ್ಶಕ ಕಿಟಕಿಯ ಹಿಂದೆ ಇರುವ ಮಣ್ಣಿನ ಫೋಟೊ ತೆಗೆದು, ಭಾರ ಬಿದ್ದಾಗ ಮಣ್ಣು ಹೇಗೆ ಸರಿಯುತ್ತದೆ ಎಂದು ಅಳೆಯುವ ಕ್ರಮವನ್ನು ೨೦೦೩ರಲ್ಲಿ ಪ್ರಕಟಿಸಿದರು. ಏರಿಯ ಇಳಿಜಾರು ಕುಸಿಯುವಾಗ ಇಡೀ ಮಣ್ಣು ಒಟ್ಟಿಗೆ ಸರಿಯುವುದಿಲ್ಲ; ಒಂದು ತೆಳ್ಳನೆಯ ಪದರದಲ್ಲಿ ಮಾತ್ರ ಜಾರಿಕೆ ಸೇರಿಕೊಂಡು, ಅದರ ಮೇಲಿನ ಮಣ್ಣು ಗಡ್ಡೆಯಾಗಿ ಇಳಿಯುತ್ತದೆ. ಇಂಥ ಪದರ ಎಲ್ಲಿ ಹುಟ್ಟಿ ಹೇಗೆ ಬೆಳೆಯುತ್ತದೆ ಎಂಬುದನ್ನು ಈ ಫೋಟೊಗಳಿಂದ ಹೆಜ್ಜೆಹೆಜ್ಜೆಯಾಗಿ ನೋಡಬಹುದು. ರೇಷ್ಮೆ ನೂಲಿನ ಮಾತೇ ಇಲ್ಲಿಯೂ ನಿಜವಾಯಿತು: ಕೆಡುಕು ಎಲ್ಲೆಡೆ ಹರಡಿರುವುದಿಲ್ಲ, ಒಂದು ಜಾಗದಲ್ಲಿ ಕೂಡಿಕೊಂಡಿರುತ್ತದೆ.

ಬೆಳಕಿನ ಇತರ ವಿಧಾನಗಳು

ಕಂಪ್ಯೂಟರ್ ಬರುವ ಮೊದಲೂ ಬೆಳಕಿನಿಂದ ಹಿಗ್ಗನ್ನು ಅಳೆಯುತ್ತಿದ್ದರು. ಅವುಗಳಲ್ಲಿ ಒಂದರ ಹೆಸರು ‘ಮ್ವಾರೆ’. ಇದು ಅಲೆಅಲೆಯಾಗಿ ಹೊಳೆಯುವ ರೇಷ್ಮೆ ಬಟ್ಟೆಗೆ ಫ್ರೆಂಚ್ ಭಾಷೆಯಲ್ಲಿರುವ ಹೆಸರು. ತೆಳ್ಳನೆಯ ಬಟ್ಟೆಯ ಎರಡು ಮಡಿಕೆಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿದರೆ ಕಪ್ಪು ಬಿಳಿ ಅಲೆಗಳು ಕಾಣುತ್ತವೆ. ಒಂದು ಮಡಿಕೆ ಸ್ವಲ್ಪ ಸರಿದರೂ ಅಲೆಗಳು ಬಹಳ ದೂರ ಓಡುತ್ತವೆ. ಒತ್ತೊತ್ತಾಗಿ ಗೆರೆ ಎಳೆದ ಎರಡು ಪಟ್ಟಿಗಳಲ್ಲಿ ಒಂದು ನೂರಕ್ಕೆ ೧ ಹಿಗ್ಗಿದರೆ, ಸುಮಾರು ನೂರು ಗೆರೆಗೆ ಒಂದು ಅಲೆ ಮೂಡುತ್ತದೆ. ಅಲೆಗಳನ್ನು ಎಣಿಸಿದರೆ ಹಿಗ್ಗು ತಿಳಿಯುತ್ತದೆ. ಮತ್ತೊಂದು, ಗಾಜಿನಂಥ ಪಾರದರ್ಶಕ ವಸ್ತುಗಳಿಗೆ ಭಾರ ಹಾಕಿ ವಿಶೇಷ ಶೋಧಕಗಳ ಮೂಲಕ ನೋಡಿದಾಗ ಬಣ್ಣದ ಪಟ್ಟೆಗಳು ಕಾಣುವ ವಿಧಾನ. ಇದರ ಮೂಲ ತತ್ವವನ್ನು ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ೧೯ನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿದ. ಲೇಸರ್ ಬೆಳಕಿನಿಂದ ಇನ್ನೂ ಸೂಕ್ಷ್ಮವಾಗಿ ಅಳೆಯುವ ವಿಧಾನಗಳೂ ಇವೆ. ಆದರೆ ಅವುಗಳಿಗೆ ಅಲುಗಾಡದ ಮೇಜು, ಕತ್ತಲೆ ಕೋಣೆ ಬೇಕಾಗುವುದರಿಂದ ಹೊಲದಲ್ಲಿ ಉಪಯೋಗ ಕಡಿಮೆ.

ಕ್ಯಾಮೆರಾ ಮೋಸ ಹೋಗುವುದು ಯಾವಾಗ?

ವಸ್ತು ಕ್ಯಾಮೆರಾಕ್ಕೆ ಹತ್ತಿರ ಬಂದರೆ ಫೋಟೊದಲ್ಲಿ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಇದನ್ನು ಹಿಗ್ಗು ಎಂದೇ ತಿಳಿಯುತ್ತದೆ. ಒಂದು ಮೀಟರ್ ದೂರದಲ್ಲಿರುವ ವಸ್ತು ೧ ಸೆಂ.ಮೀ. ಮುಂದೆ ಬಂದರೆ ನೂರಕ್ಕೆ ೧ರಷ್ಟು ಸುಳ್ಳು ಹಿಗ್ಗು ಕಾಣುತ್ತದೆ. ರೇಷ್ಮೆ ನೂಲಿಗೆ ಇದು ಸಣ್ಣ ತಪ್ಪು. ಆದರೆ ಗ್ರಾನೈಟ್ ಕಲ್ಲಿನ ಲೆಕ್ಕ ನೋಡಿ: ಅದೇ ದೂರದಲ್ಲಿ ಕಲ್ಲು ಕೇವಲ ೦.೨ ಮಿ.ಮೀ. ಮುಂದೆ ಬಂದರೂ ಅದು ಸೀಳುವಷ್ಟು ಹಿಗ್ಗಿದೆ ಎಂಬ ಸುಳ್ಳು ಅಳತೆ ಬರುತ್ತದೆ. ಇದಕ್ಕಾಗಿಯೇ ಪ್ರಯೋಗಾಲಯಗಳಲ್ಲಿ ನಮ್ಮ ಎರಡು ಕಣ್ಣುಗಳಂತೆ ಎರಡು ಕ್ಯಾಮೆರಾಗಳನ್ನು ಓರೆಯಾಗಿ ನಿಲ್ಲಿಸಿ, ಮುಂದೆ ಹಿಂದೆ ಆದ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಇದರಿಂದ ರೈತರು ತಿಳಿಯಬೇಕಾದ ಮಾತು ಎರಡು. ಬಿರುಕಿಲ್ಲದ ಕಲ್ಲಿನ ಹಿಗ್ಗನ್ನು ಮೊಬೈಲ್ ಫೋನಿನ ಕ್ಯಾಮೆರಾದಿಂದ ಅಳೆಯುತ್ತೇವೆ ಎಂದು ಹೊರಡಬಾರದು. ಅದು ತಜ್ಞರ ಕೆಲಸ. ಆದರೆ ಒಮ್ಮೆ ಬಿರುಕು ಬಿಟ್ಟ ಮೇಲೆ ಚಲನೆಯೆಲ್ಲ ಆ ಬಿರುಕಿನಲ್ಲಿಯೇ ಸೇರಿಕೊಳ್ಳುತ್ತದೆ. ಅದು ಒಂದೆರಡು ಮಿಲಿಮೀಟರುಗಳ ಲೆಕ್ಕ. ಇದನ್ನು ಮೊಬೈಲ್ ಕ್ಯಾಮೆರಾ ಚೆನ್ನಾಗಿ ಹಿಡಿಯುತ್ತದೆ.

ತೂಬು, ಕೋಡಿ, ಬಾವಿಕಟ್ಟೆಯ ಬಿರುಕಿಗೆ ಚುಕ್ಕೆ ಇಡುವ ಕ್ರಮ

ಬಹುಕಾಲ ಒಣಗಿದ್ದ ಕೆರೆಗಳಿಗೆ ಒಮ್ಮೆಲೇ ನೀರು ಬಂದಾಗ ಹಳೆಯ ಕಟ್ಟಡ ಹೇಗಿದೆ ಎಂಬ ಚಿಂತೆ ಸಹಜ. ೨೦೨೧ರ ನವೆಂಬರಿನ ಭಾರಿ ಮಳೆಗೆ ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ತುಂಬದಿದ್ದ ಅನೇಕ ಕೆರೆಗಳು ಕೋಡಿ ಹರಿದವು. ಬೆಂಗಳೂರಿನ ಸಂಸ್ಕರಿಸಿದ ನೀರನ್ನೂ ಈ ಜಿಲ್ಲೆಗಳ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಈ ಕೆಲಸ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

೧. ಬಿರುಕಿನ ಸುತ್ತಲಿನ ಪಾಚಿ, ಧೂಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಬಿರುಕನ್ನು ಸಿಮೆಂಟಿನಿಂದ ಮುಚ್ಚಬೇಡಿ; ಮುಚ್ಚಿದರೆ ಸುಳಿವು ಕಾಣದಂತಾಗುತ್ತದೆ.

೨. ಬಿರುಕಿನ ಎಡಕ್ಕೆ ಎರಡು, ಬಲಕ್ಕೆ ಎರಡು, ಹೀಗೆ ಚೌಕಾಕಾರವಾಗಿ ನಾಲ್ಕು ಗುರುತುಗಳನ್ನು ಎಣ್ಣೆ ಬಣ್ಣದಿಂದ ಹಾಕಿ. ಗುರುತು ಸಣ್ಣ ಕೂಡುಚಿಹ್ನೆಯಂತಿದ್ದರೆ ನಡುಬಿಂದು ಸ್ಪಷ್ಟವಾಗಿ ಸಿಗುತ್ತದೆ. ಬದಿಯಿಂದ ಬದಿಗೆ ೮ರಿಂದ ೧೦ ಸೆಂ.ಮೀ. ಸಾಕು. ಬಿರುಕು ಉದ್ದವಾಗಿದ್ದರೆ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹೀಗೆಯೇ ಮಾಡಿ.

೩. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ.

೪. ಫೋಟೊ ತೆಗೆಯುವಾಗ ಗುರುತುಗಳ ಪಕ್ಕದಲ್ಲಿಯೇ, ಗೋಡೆಗೆ ಅಂಟಿದಂತೆ, ಉಕ್ಕಿನ ಅಳತೆಪಟ್ಟಿಯನ್ನು ಹಿಡಿಯಿರಿ. ಪಟ್ಟಿ ಗೋಡೆಯಿಂದ ಮುಂದೆ ಬಂದಿದ್ದರೆ ಅಳತೆ ತಪ್ಪುತ್ತದೆ.

೫. ಫೋನನ್ನು ಗೋಡೆಗೆ ನೇರವಾಗಿ ಎದುರು ಹಿಡಿಯಿರಿ, ಓರೆಯಾಗಿ ಅಲ್ಲ. ನಿಲ್ಲುವ ಜಾಗದಲ್ಲಿ ಒಂದು ಕಲ್ಲು ನೆಟ್ಟು ಪ್ರತಿ ಸಲವೂ ಅಲ್ಲಿಂದಲೇ ತೆಗೆಯಿರಿ.

೬. ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ, ಬಿಸಿಲೇರುವ ಮೊದಲು ತೆಗೆಯಿರಿ. ಕಲ್ಲು ಬಿಸಿಲಿಗೆ ಹಿಗ್ಗುತ್ತದೆ. ೫ ಮೀಟರ್ ಉದ್ದದ ಗ್ರಾನೈಟ್ ಗೋಡೆ ೨೦ ಡಿಗ್ರಿ ಬಿಸಿಯೇರಿದರೆ ಸುಮಾರು ೦.೮ ಮಿ.ಮೀ. ಹಿಗ್ಗಿ ಬಿರುಕನ್ನು ಕಿರಿದುಮಾಡಬಹುದು.

೭. ಸಾಧಾರಣ ದಿನಗಳಲ್ಲಿ ತಿಂಗಳಿಗೊಮ್ಮೆ, ಕೆರೆಗೆ ನೀರು ಬರುತ್ತಿರುವಾಗ ದಿನಕ್ಕೊಮ್ಮೆ ಫೋಟೊ ತೆಗೆದು, ತಾರೀಖು ಮತ್ತು ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆದಿಡಿ.

ಲೆಕ್ಕ ಮಾಡುವ ಬಗೆ

ಫೋಟೊವನ್ನು ಕಂಪ್ಯೂಟರಿನಲ್ಲಿ ತೆರೆದು ಎರಡು ಬಿಂದುಗಳ ನಡುವಿನ ಪಿಕ್ಸೆಲ್‌ಗಳನ್ನು ಅಳೆಯಬಹುದು. ಇದಕ್ಕೆ ‘ಇಮೇಜ್‌ಜೆ’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಹೈಸ್ಕೂಲಿನ ಮಕ್ಕಳು ಇದನ್ನು ಸುಲಭವಾಗಿ ಕಲಿಯಬಲ್ಲರು. ಉದಾಹರಣೆಗೆ:

ಜೂನ್ ತಿಂಗಳ ಫೋಟೊದಲ್ಲಿ ಅಳತೆಪಟ್ಟಿಯ ೧೦೦ ಮಿ.ಮೀ. ಉದ್ದಕ್ಕೆ ೨೦೦೦ ಪಿಕ್ಸೆಲ್. ಎಡಬಲ ಗುರುತುಗಳ ನಡುವೆ ೧೬೪೦ ಪಿಕ್ಸೆಲ್. ಒಂದು ಮಿ.ಮೀ.ಗೆ ೨೦ ಪಿಕ್ಸೆಲ್ ಆದ್ದರಿಂದ ಅಂತರ ೮೨ ಮಿ.ಮೀ.

ಆಗಸ್ಟ್ ತಿಂಗಳ ಫೋಟೊದಲ್ಲಿ ೧೦೦ ಮಿ.ಮೀ.ಗೆ ೧೯೦೦ ಪಿಕ್ಸೆಲ್; ಗುರುತುಗಳ ನಡುವೆ ೧೫೯೬ ಪಿಕ್ಸೆಲ್. ಒಂದು ಮಿ.ಮೀ.ಗೆ ೧೯ ಪಿಕ್ಸೆಲ್ ಆದ್ದರಿಂದ ಅಂತರ ೮೪ ಮಿ.ಮೀ.

ಪಿಕ್ಸೆಲ್‌ಗಳನ್ನಷ್ಟೇ ನೋಡಿದ್ದರೆ ಅಂತರ ಕಡಿಮೆಯಾಗಿದೆ ಎಂದು ತಿಳಿಯುತ್ತಿದ್ದೆವು. ನಿಜವಾಗಿ ಬಿರುಕು ೨ ಮಿ.ಮೀ. ಅಗಲವಾಗಿದೆ. ಎರಡನೆಯ ಸಲ ಫೋಟೊ ಸ್ವಲ್ಪ ಹಿಂದಿನಿಂದ ತೆಗೆದದ್ದೇ ಈ ಗೊಂದಲಕ್ಕೆ ಕಾರಣ. ಪ್ರತಿ ಫೋಟೊದಲ್ಲಿಯೂ ಅಳತೆಪಟ್ಟಿ ಇರಲೇಬೇಕು ಎಂದು ಹೇಳುವುದು ಇದಕ್ಕೇ.

ನಾಲ್ಕು ಗುರುತುಗಳ ಚೌಕದಿಂದ ಇನ್ನೂ ಒಂದು ವಿಷಯ ತಿಳಿಯುತ್ತದೆ. ಎಡಬಲದ ಅಂತರ ಹೆಚ್ಚಿದರೆ ಬಿರುಕು ಬಾಯಿ ಬಿಡುತ್ತಿದೆ. ಮೂಲೆಯಿಂದ ಮೂಲೆಗಿರುವ ಎರಡು ಅಳತೆಗಳಲ್ಲಿ ಒಂದು ಹೆಚ್ಚಿ ಇನ್ನೊಂದು ಕಡಿಮೆಯಾದರೆ ಬಿರುಕಿನ ಒಂದು ಬದಿ ಕೆಳಕ್ಕೆ ಜಾರುತ್ತಿದೆ; ತಳಪಾಯ ಕುಸಿಯುತ್ತಿರಬಹುದು. ಮೇಲಿನ ಚೌಕ ಕೆಳಗಿನದಕ್ಕಿಂತ ಹೆಚ್ಚು ಅಗಲವಾದರೆ ಗೋಡೆ ವಾಲುತ್ತಿರಬಹುದು. ಅಂತರ ಒಂದು ತಿಂಗಳು ಹೆಚ್ಚಿ ಮತ್ತೊಂದು ತಿಂಗಳು ಕಡಿಮೆಯಾಗುತ್ತಿದ್ದರೆ ಅದು ಬಿಸಿಲು ಚಳಿಯ ಆಟವಿರಬಹುದು. ಒಂದೇ ದಿಕ್ಕಿನಲ್ಲಿ ಬೆಳೆಯುತ್ತಲೇ ಹೋದರೆ ಅಲಕ್ಷ್ಯ ಮಾಡಕೂಡದು.

ಅಳತೆಪಟ್ಟಿಯಿಂದ ನೇರವಾಗಿಯೇ ಅಳೆಯಬಹುದಲ್ಲ ಎಂದು ಕೇಳಬಹುದು. ಕೈಗೆಟುಕುವ ಕಡೆ ಅಳೆಯಬಹುದು, ಅಳೆಯಬೇಕು. ಫೋಟೊದ ಅನುಕೂಲವೆಂದರೆ ಅದು ದಾಖಲೆಯಾಗಿ ಉಳಿಯುತ್ತದೆ. ಆಗ ಗಮನಿಸದೆ ಬಿಟ್ಟ ಜಾಗವನ್ನು ಆಮೇಲೆಯೂ ಅಳೆಯಬಹುದು. “ಬಿರುಕು ದೊಡ್ಡದಾಗಿದೆ” ಎಂಬ ಅರ್ಜಿಗಿಂತ, ಜೂನ್‌ನಲ್ಲಿ ೮೨, ಆಗಸ್ಟ್‌ನಲ್ಲಿ ೮೪ ಎಂದು ತಾರೀಖಿನೊಡನೆ ಫೋಟೊ ಇಟ್ಟ ಅರ್ಜಿಗೆ ತೂಕ ಹೆಚ್ಚು.

ಅಳತೆಗೆ ಕಾಯಬಾರದ ಸಂದರ್ಭಗಳು

ಈ ಕ್ರಮವೆಲ್ಲ ನಿಧಾನವಾಗಿ ಬೆಳೆಯುವ ಬಿರುಕಿಗೆ. ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ಫೋಟೊ, ಲೆಕ್ಕ ಎಂದು ಕೂಡದೆ ಕೂಡಲೇ ಗ್ರಾಮ ಪಂಚಾಯಿತಿಗೆ ಮತ್ತು ಕೆರೆಯ ಉಸ್ತುವಾರಿ ಹೊತ್ತ ಇಲಾಖೆಗೆ ತಿಳಿಸಿ, ಏರಿಯ ಕೆಳಗಿನ ಜನರನ್ನು ಎಚ್ಚರಿಸಬೇಕು:

ಏರಿಯ ಹಿಂಬದಿಯಲ್ಲಿ ಅಥವಾ ತೂಬಿನ ಪಕ್ಕದಲ್ಲಿ ಜಿನುಗುವ ನೀರು ಕೆಂಪಾಗಿ, ಬಗ್ಗಡವಾಗಿ ಬರುವುದು. ಒಳಗಿನ ಮಣ್ಣು ಕೊಚ್ಚ್ಚಿಕೊಂಡು ಬರುತ್ತಿದೆ ಎಂದು ಇದರ ಅರ್ಥ.

ಏರಿಯ ತಲೆಯ ಮೇಲೆ ಉದ್ದಕ್ಕೆ ಬಿರುಕು ಬಿಟ್ಟು ಒಂದು ಬದಿ ಕೆಳಗಿಳಿದಿರುವುದು.

ಏರಿಗೆ ಅಡ್ಡಲಾಗಿ, ನೀರಿನ ಕಡೆಯಿಂದ ಹಿಂಬದಿಯವರೆಗೆ ಬಿರುಕು ಹಾಯ್ದಿರುವುದು.

ಏರಿಯ ಮೇಲೆ ಹೊಸದಾಗಿ ಗುಂಡಿ ಬಿದ್ದಿರುವುದು ಅಥವಾ ಹಿಂಬದಿಯ ಮಣ್ಣು ಉಬ್ಬಿರುವುದು.

ಇಂಥ ಸಮಯದಲ್ಲಿ ಏರಿಯ ಮೇಲೆ ಟ್ರ್ಯಾಕ್ಟರ್, ಗಾಡಿ ಓಡಿಸಬಾರದು. ಅರೆಬರೆ ತಿಳಿದು ಏರಿಯನ್ನು ಅಗೆಯಲೂ ಬಾರದು.

ಹೆಚ್ಚಿನ ವೆಚ್ಚವಿಲ್ಲದೆ ಮಾಡಬಹುದಾದ ಕೆಲಸ

ಒಂದು ಸಣ್ಣ ಡಬ್ಬಿ ಬಣ್ಣ, ಒಂದು ಉಕ್ಕಿನ ಅಳತೆಪಟ್ಟಿ, ಮನೆಯಲ್ಲಿರುವ ಫೋನು, ಒಂದು ನೋಟ್‌ಬುಕ್ ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಕೆರೆ ಬಳಕೆದಾರರ ಸಂಘವಿರುವ ಊರುಗಳಲ್ಲಿ ಈ ಕೆಲಸವನ್ನು ಇಬ್ಬರು ಯುವಕರಿಗೆ ಒಪ್ಪಿಸಿ, ತಿಂಗಳ ಸಭೆಯಲ್ಲಿ ಅಳತೆಗಳನ್ನು ಓದಿ ಹೇಳುವ ಪದ್ಧತಿ ಇಟ್ಟುಕೊಳ್ಳಬಹುದು. ದ್ರಾಕ್ಷಿ ಚಪ್ಪರದ ಮೂಲೆಕಂಬ ವಾಲುತ್ತಿದೆಯೇ, ರೇಷ್ಮೆ ಹುಳು ಸಾಕುವ ಮನೆಯ ಗೋಡೆಯ ಬಿರುಕು ಬೆಳೆಯುತ್ತಿದೆಯೇ, ತೆರೆದ ಬಾವಿಯ ಕಟ್ಟೆ ಒಳಕ್ಕೆ ಬಾಗುತ್ತಿದೆಯೇ ಎಂಬುದನ್ನೂ ಇದೇ ಕ್ರಮದಲ್ಲಿ ನೋಡಿಕೊಳ್ಳಬಹುದು. ಬಾವಿಯ ಫೋಟೊವನ್ನು ಎದುರು ಬದಿಯ ಗಟ್ಟಿ ನೆಲದಲ್ಲಿ ನಿಂತು ತೆಗೆಯಬೇಕು. ಬಿರುಕು ಬಿಟ್ಟ ಕಟ್ಟೆಯ ಮೇಲೆ ಹತ್ತಬಾರದು.

ಮುಂಗಾರಿಗೆ ಮೊದಲು ತೆಗೆದ ಒಂದು ಫೋಟೊ ಇಲ್ಲದಿದ್ದರೆ ಮುಂಗಾರಿನ ನಂತರದ ಫೋಟೊವನ್ನು ಯಾವುದಕ್ಕೂ ಹೋಲಿಸಲಾಗದು. ಆದ್ದರಿಂದ ರೈತ ಬಾಂಧವರು ಬೇಸಗೆಯಲ್ಲಿ ಕೆರೆಯ ನೀರು ಇಳಿದು ತೂಬು ಕಾಣುವಾಗಲೇ ಮೊದಲ ಗುರುತುಗಳನ್ನು ಹಾಕಿ, ಮೊದಲ ಅಳತೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.